ತಿರುವಿ ಹಾಕಿದ ಗಾಜು

ದೆವ್ವ, ಗಾಳಿ, ಸತ್ತವರ ಕರೆ ಇಂಥ ಮಾತು ಬಂದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದವನು ನಾನು. ನಕ್ಕು ಬಿಡುತ್ತಿರಲಿಲ್ಲ ಕೂಡ. ಹೇಳುವವರನ್ನು ಎದುರಿಗೆ ಕೂರಿಸಿಕೊಂಡು, ಆಗ ಎಷ್ಟು ಗಂಟೆ, ದೀಪ ಇತ್ತೋ ಇಲ್ಲವೋ, ಬೇರೆ ಯಾರು ನೋಡಿದರು ಎಂದು ಪಾಟೀಸವಾಲು ಮಾಡಿ, ಅವರು ತಬ್ಬಿಬ್ಬಾಗುವುದನ್ನು ನೋಡಿ ಖುಷಿಪಡುತ್ತಿದ್ದೆ. ಹಿಂದೂಪುರದ ನಮ್ಮ ಬೀದಿಯಲ್ಲಿ ಈ ಕಾರಣಕ್ಕೇ ಕೆಲವರು ನನ್ನ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಈಗ ನಾನೇ ಅಂಥದೊಂದನ್ನು ಹೇಳಲು ಕುಳಿತಿದ್ದೇನೆ. ನೀವೂ ಪಾಟೀಸವಾಲು ಮಾಡಬಹುದು, ಬೇಸರವಿಲ್ಲ. ನನಗೆ ನಾನೇ ಹಾಕಿಕೊಳ್ಳದ ಸವಾಲು ನಿಮ್ಮ ಹತ್ತಿರ ಇರಲಾರದು.

ಇದು ನಡೆದದ್ದು ದೊಡ್ಡ ಯುದ್ಧ ಮುಗಿದ ಕೆಲವು ವರ್ಷಗಳ ಮೇಲೆ, ನಮ್ಮ ಸೀಮೆ ಇನ್ನೂ ಮದರಾಸಿಗೆ ಸೇರಿದ್ದಾಗ. ನಾನು ಹಿಂದೂಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದೆ. ಅದಕ್ಕೂ ಮೊದಲು ಐದು ವರ್ಷ ದಕ್ಷಿಣದ ಬೆಟ್ಟವೊಂದರ ಮೇಲಿನ ವೇಧಶಾಲೆಯಲ್ಲಿ ಅಳತೆಗಾರನಾಗಿದ್ದೆ. ನಕ್ಷತ್ರ ನೋಡುವ ಕೆಲಸವಲ್ಲ ಅದು. ನೋಡುವವರು ಬೇರೆ ಇದ್ದರು. ಅವರು ರಾತ್ರಿ ಹಿಡಿದ ಬೆಳಕು ಗಾಜಿನ ಪಟ್ಟಿಗಳ ಮೇಲೆ ಗೆರೆಗಳಾಗಿ ಮೂಡಿರುತ್ತಿತ್ತು. ನಾವು ಹಗಲು ಹೊತ್ತು ಕಿಟಕಿ ಮುಚ್ಚಿಕೊಂಡು, ಆ ಗಾಜುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅಳೆಯುತ್ತಿದ್ದೆವು. ನಾವು ಎಂದರೆ ನಾನು ಮತ್ತು ಕಲ್ಯಾಣದುರ್ಗದ ರುದ್ರಣ್ಣ.

ರುದ್ರಣ್ಣನದು ಬಟ್ಟೆ ಅಂಗಡಿಯ ಮನೆತನ, ಲಿಂಗವಂತರು. ತಂದೆ ಬೇಗ ತೀರಿಕೊಂಡಿದ್ದರು. ಅಂಗಡಿ ಚಿಕ್ಕಪ್ಪನ ಕೈಯಲ್ಲಿತ್ತು. ತಾಯಿ ಗುರುಸಿದ್ದಮ್ಮನಿಗೆ ಇವನೊಬ್ಬನೇ ಮಗ. ಮಗ ಗಾಜಿನಲ್ಲಿ ಏನು ನೋಡುತ್ತಾನೆಂದು ಆಕೆಗೆ ತಿಳಿಯಲಿಲ್ಲ. ಒಮ್ಮೆ ನಾನು ಅವರ ಮನೆಯಲ್ಲಿದ್ದಾಗ ಅವನು ಒಲೆಗೆ ಒಂದು ಚಿಟಿಕೆ ಉಪ್ಪು ಎಸೆದು, ಉರಿ ಹಳದಿಯಾಗುವುದನ್ನು ತೋರಿಸಿದ. "ನೋಡಮ್ಮ, ಉಪ್ಪು ಎಲ್ಲೇ ಉರೀಲಿ, ಇದೇ ಬಣ್ಣ. ಆಕಾಸದಾಗೂ ಅಷ್ಟೆ. ಬೆಳಕು ಬಿಡಿಸಿ ನೋಡಿದ್ರೆ ಅಲ್ಲಿ ಏನು ಉರೀತಾ ಐತೆ ಅಂತ ಗೊತ್ತಾಯ್ತದೆ" ಎಂದ. ಆಕೆ, "ಉಪ್ಪು ದಂಡ ಮಾಡ್ಬ್ಯಾಡ ಕಣ್ಲಾ" ಎಂದಷ್ಟೇ ಹೇಳಿ ರೊಟ್ಟಿ ತಟ್ಟುವುದನ್ನು ಮುಂದುವರಿಸಿದರು.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡಬೇಕು. ಹಿಂದೂಪುರದ ಸ್ಟೇಷನ್ನಿನಲ್ಲಿ ನಿಲ್ಲದೆ ಹೋಗುವ ರೈಲಿನ ಕೂಗು ಕೇಳಿದವರಿಗೆ ಗೊತ್ತು: ಬರುವಾಗ ಕೂಗು ಕೀರಲು, ದಾಟಿ ಹೋದ ಮೇಲೆ ದಪ್ಪ. ಬೆಳಕೂ ಹೀಗೇ. ನಮ್ಮ ಕಡೆಗೆ ಬರುವ ವಸ್ತುವಿನ ಗೆರೆಗಳು ನೀಲಿಯ ಕಡೆಗೆ ಸರಿದಿರುತ್ತವೆ, ದೂರ ಹೋಗುತ್ತಿರುವುದರ ಗೆರೆಗಳು ಕೆಂಪಿನ ಕಡೆಗೆ. ಬಹುದೂರದ ನೀಹಾರಿಕೆಗಳೆಲ್ಲ ಹೋಗುತ್ತಿರುವಂಥವೇ. ರುದ್ರಣ್ಣನ ಹುಚ್ಚು ಇದ್ದದ್ದು ಅವುಗಳಲ್ಲಿ ಕೆಲವೇ ಕೆಲವು ಸುರುಳಿ ನೀಹಾರಿಕೆಗಳ ಮೇಲೆ. ಅವುಗಳ ನಡುಬಿಂದು ವಿಪರೀತ ಬೆಳಗುತ್ತದೆ, ಮತ್ತು ಅಲ್ಲಿಂದ ಬರುವ ಬೆಳಕಿನ ಗೆರೆ ಕೂದಲೆಳೆಯಂತೆ ಇರಬೇಕಾದದ್ದು ಬೆರಳಲ್ಲಿ ಬಳಿದಂತೆ ಅಗಲವಾಗಿರುತ್ತದೆ. ಎಂದರೆ ಅಲ್ಲಿನ ಅನಿಲ ಊಹಿಸಲಾಗದ ವೇಗದಲ್ಲಿ ಎಲ್ಲ ದಿಕ್ಕಿಗೂ ನುಗ್ಗುತ್ತಿದೆ. "ಅದರ ಹೊಟ್ಟೆಯಾಗೆ ಏನೋ ಐತೆ ಕಣ್ಲಾ" ಎನ್ನುತ್ತಿದ್ದ. ಏನೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಅಳೆಯುವಾಗ ನಮ್ಮಿಬ್ಬರದೂ ಒಂದು ಪದ್ಧತಿ ಬೆಳೆದಿತ್ತು. ನಾನು ಕಣ್ಣಿಟ್ಟು ತಿರುಪು ತಿರುಗಿಸಿ ಅಂಕಿ ಕೂಗುವುದು, ಅವನು ಪುಸ್ತಕದಲ್ಲಿ ಬರೆದುಕೊಂಡು "ಹೂಂ" ಎನ್ನುವುದು. ಹೂಂ ಎಂದ ಮೇಲೇ ಮುಂದಿನ ಅಂಕಿ. ಇಬ್ಬರೂ ತೆಲುಗಿನಲ್ಲಿ ಮಗ್ಗಿ ಕಲಿತವರಾದ್ದರಿಂದ ಅಂಕಿ ಕೂಗುವುದು ತೆಲುಗಿನಲ್ಲಿ. ತಪ್ಪು ಕೂಗಿದರೆ "ಕೊಟ್ಟೇಯ್" ಎನ್ನುತ್ತಿದ್ದೆ, ಹೊಡೆದುಹಾಕು ಎಂದು. ಅವನು ಅಳಿಸುತ್ತಿರಲಿಲ್ಲ, ಒಂದೇ ಅಡ್ಡಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯುತ್ತಿದ್ದ. ಆ ವರ್ಷಗಳಲ್ಲಿ ಸಾವಿರಾರು ಸಲ ನಾನು ಕೂಗಿದ್ದೇನೆ, ಅವನು ಹೂಂಗುಟ್ಟಿದ್ದಾನೆ.

ಬೆಟ್ಟದ ಚಳಿಗೆ ಅವನ ಎದೆ ಹಾಳಾಯಿತು. ಕ್ಷಯ ಎಂದು ಗೊತ್ತಾದ ಮೇಲೆ ಊರಿಗೆ ಕಳಿಸಿದರು. ಅವನಿಲ್ಲದೆ ಅಲ್ಲಿ ನನಗೂ ಮನಸ್ಸು ನಿಲ್ಲದೆ, ಮರುವರ್ಷ ಹಿಂದೂಪುರದ ಕೆಲಸ ಹಿಡಿದೆ. ಅವನು ಮಾತ್ರ ಹಾಸಿಗೆ ಹಿಡಿದರೂ ಕೆಲಸ ಬಿಡಲಿಲ್ಲ. ಅಮೆರಿಕದ ಪ್ರೊಫೆಸರೊಬ್ಬರು ಅವನ ಕಾಗದಗಳನ್ನು ಮೆಚ್ಚಿ, ಅಂಥ ಒಂದು ನೀಹಾರಿಕೆಯ ಗಾಜಿನ ಪ್ರತಿಯನ್ನು ಕಳಿಸಿದ್ದರು. ಅದನ್ನು ಅವನು ಬೆಟ್ಟದ ಮೇಲಿದ್ದಾಗಲೇ ಅಳೆದಿದ್ದ. ಲೇಖನವೂ ತಯಾರಾಗಿತ್ತು. ಆದರೆ ಪ್ರೊಫೆಸರು, ಇನ್ನೊಬ್ಬರು ಬೇರೆಯಾಗಿ ಅಳೆದು ಅದೇ ಉತ್ತರ ಬಂದರೆ ಮಾತ್ರ ಅಚ್ಚಿಗೆ ಕೊಡಬಹುದು ಎಂದು ಬರೆದರು. ಬದುಕಿನಲ್ಲಿ ಅವನು ಮಾಡಿ ಮುಗಿಸಿದ ಒಂದೇ ಒಂದು ಸ್ವಂತ ಕೆಲಸ ಅದು. ಆ ಇನ್ನೊಬ್ಬ ನಾನಾಗಬೇಕಿತ್ತು. ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ ಹಳೆಯದಾದರೂ ಒಳ್ಳೆಯ ಅಳತೆಯ ಸೂಕ್ಷ್ಮದರ್ಶಕ ಇತ್ತು.

ಗಾಜು ತರಲು ಕಲ್ಯಾಣದುರ್ಗಕ್ಕೆ ಹೋದೆ. ರುದ್ರಣ್ಣ ಒಳಗಿನ ಕೋಣೆಯಲ್ಲಿ ಗೋಡೆಗೊರಗಿ ಕುಳಿತಿದ್ದ. ಅಂಗಿಯೊಳಗೆ ಮನುಷ್ಯನೇ ಇಲ್ಲವೇನೋ ಅನ್ನಿಸುವಷ್ಟು ಇಳಿದುಹೋಗಿದ್ದ. "ಬೇಗ ಮಾಡ್ಲಾ" ಎಂದ. ಅಷ್ಟೇ. ಅವನು ಬೇಡಿಕೊಳ್ಳುವ ಜಾತಿಯವನಲ್ಲ. ಗುರುಸಿದ್ದಮ್ಮ ಗಾಜನ್ನು ದೇವರ ಗೂಡಿನಲ್ಲಿಟ್ಟಿದ್ದರು, ಸುತ್ತಿದ ಬಟ್ಟೆಯ ಮೇಲೆ ವಿಭೂತಿ ಇತ್ತು. ಕೈಗೆ ಕೊಡುತ್ತ, "ಎಂಜಲು ಮುಟ್ಟಿಸ್ಬ್ಯಾಡ ಕಣಪ್ಪ. ನನ್ ಮಗ ಇದನ್ನ ತುಟಿಗಿಟ್ಕಂಡು ನೋಡ್ತಿದ್ದ, ಬೈದಿದ್ದೀನಿ. ದೇವ್ರ ತಾವ ಇದ್ದ ಪದಾರ್ಥ" ಎಂದರು.

ತುಟಿಯ ವಿಷಯ ನಮ್ಮ ಕಸುಬಿನ ಮಾತು. ಗಾಜಿನ ಒಂದು ಮುಖಕ್ಕೆ ಮಾತ್ರ ಬೆಳಕು ಹಿಡಿಯುವ ಮದ್ದಿನ ಲೇಪ ಇರುತ್ತದೆ, ಚಿತ್ರ ಮೂಡುವುದು ಅದರ ಮೇಲೆ. ಅಳೆಯುವಾಗ ಆ ಮುಖ ಮೇಲೆ ಇರಬೇಕು. ಅರೆಗತ್ತಲಲ್ಲಿ ಕಣ್ಣು ಮೋಸ ಹೋಗಬಹುದು ಎಂದು ಮೂಲೆಯನ್ನು ಒದ್ದೆ ತುಟಿಗೆ ತಾಕಿಸಿ ನೋಡುತ್ತಿದ್ದೆವು. ಲೇಪವಿದ್ದ ಮುಖ ಅಂಟುತ್ತದೆ, ಬರೀ ಗಾಜು ಅಂಟುವುದಿಲ್ಲ. ತಿರುವಿ ಹಾಕಿದರೆ ಕನ್ನಡಿಯಲ್ಲಿ ನೋಡಿದಂತೆ ಎಡ ಬಲವಾಗಿ, ಕೆಂಪಿನ ಕಡೆ ಸರಿದದ್ದು ನೀಲಿಯ ಕಡೆ ಸರಿದಂತೆ ಕಾಣುತ್ತದೆ. ಹೋಗುತ್ತಿರುವುದು ಬರುತ್ತಿರುವಂತೆ ಕಾಣುತ್ತದೆ.

ಹೊರಡುವಾಗ ನಾನು ಧಾವಂತದಲ್ಲಿ "ಹೋಯ್ತೀನಿ ಕಣಮ್ಮ" ಎಂದುಬಿಟ್ಟೆ. ಗುರುಸಿದ್ದಮ್ಮ ನನ್ನನ್ನು ಬಾಗಿಲಿಂದ ವಾಪಸು ಕರೆದು, ಕೂರಿಸಿ, ನೀರು ಕುಡಿಸಿ, "ಹೊಸ್ಲು ದಾಟೋರು ಹೋಯ್ತೀನಿ ಅಂತಾರೇನಪ್ಪಾ? ಬತ್ತೀನಿ ಅನ್ನು" ಎಂದರು. ಅಂದೆ. ರುದ್ರಣ್ಣ ಒಳಗಿನಿಂದ ಕೆಮ್ಮುತ್ತಲೇ ನಕ್ಕ. "ನೋಡ್ದೇನ್ಲಾ, ನಮ್ಮಮ್ಮನ ಲೆಕ್ಕದಾಗೆ ಹೋಗೋದೇ ಇಲ್ಲ, ಎಲ್ಲಾ ಬರೋದೆ" ಎಂದ. ಅದು ನಾನು ಕೇಳಿದ ಅವನ ಕೊನೆಯ ಮಾತು.

ಗಾಜನ್ನು ತಂದು ಆರು ವಾರ ಹಾಗೇ ಇಟ್ಟೆ. ಪರೀಕ್ಷೆ, ಪೇಪರು ತಿದ್ದುವುದು ಎಂದು ಅವನಿಗೆ ಕಾರ್ಡು ಬರೆದೆ. ಎರಡು ಸಲ ಅವನಿಂದ ಕಾರ್ಡು ಬಂತು, ಎರಡನೆಯದರಲ್ಲಿ ಅಕ್ಷರ ಗುರುತು ಸಿಗದಷ್ಟು ನಡುಗಿತ್ತು. ನಿಜ ಹೇಳುತ್ತೇನೆ, ನನಗೆ ಭಯವಾಗಿತ್ತು. ಈ ಕೆಲಸ ಒಂದಕ್ಕಾಗಿ ಅವನು ಜೀವ ಹಿಡಿದಿದ್ದಾನೆ, ಇದು ಮುಗಿದರೆ ಅವನೂ ಮುಗಿಯುತ್ತಾನೆ ಎಂದು ಯಾಕೋ ಮನಸ್ಸಿಗೆ ಹೊಕ್ಕಿತ್ತು. ಮೂಢನಂಬಿಕೆಯನ್ನು ಹಂಗಿಸುತ್ತಿದ್ದ ಮನುಷ್ಯನ ತಲೆ ನೋಡಿ! ಅದರಿಂದ ಅವನಿಗೆ ಆರು ವಾರದ ಸಂಕಟ ಕೊಟ್ಟೆ. ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಶಾಲೆಗೆ ಹೋದೆ. ಜವಾನನೂ ಇರಲಿಲ್ಲ, ಬೀಗದ ಕೈ ನನ್ನ ಹತ್ತಿರವೇ ಇತ್ತು. ಕಿಟಕಿಗಳನ್ನು ಮುಚ್ಚಿ, ಕೆಳಗಿನ ದೀಪ ಹಚ್ಚಿ, ಬಟ್ಟೆ ಬಿಚ್ಚಿ ಗಾಜು ತೆಗೆದೆ. ಯಾವ ಮುಖ ಮೇಲೆಂದು ತೋರಿಸುವ ಮೂಲೆಯ ಗುರುತಿನ ಚೀಟಿ ಕಿತ್ತುಹೋಗಿತ್ತು. ಅಭ್ಯಾಸದಂತೆ ತುಟಿಯ ಹತ್ತಿರ ಒಯ್ದವನು ನಿಲ್ಲಿಸಿದೆ. ಎಂಜಲು ಮುಟ್ಟಿಸಬೇಡ ಎಂದಿದ್ದರಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನೆಪ. ಅವನು ತುಟಿಗಿಟ್ಟ ಗಾಜು ಅದು, ನನಗೆ ಕ್ಷಯದ ಭಯ. ಮನೆಯಲ್ಲಿ ಹೆಂಡತಿ ಆಗ ಬಸುರಿ. ಕಣ್ಣಂದಾಜಿನಲ್ಲೇ ಗಾಜನ್ನು ಹಾಕಿ, ಅಲುಗದಂತೆ ಹಿಡಿಕೆ ಬಿಗಿದೆ.

ಎರಡು ಗಂಟೆ ದಾಟಿತ್ತು. ಕಣ್ಣಿಟ್ಟು ಮೊದಲ ಅಂಕಿಯನ್ನು ಜೋರಾಗಿ ಕೂಗಿದೆ. ಬರೆದುಕೊಳ್ಳಲು ಯಾರೂ ಇಲ್ಲವೆಂದು ನೆನಪಾಗಿ ನಗು ಬಂತು, ನಾನೇ ಒಂದು ಚೀಟಿಯ ಮೇಲೆ ಬರೆದುಕೊಂಡೆ. ಎರಡನೆಯದನ್ನೂ ಕೂಗಿಯೇ ಬರೆದೆ. ಹಾಗೆ ಮಾಡಿದರೇ ಕೈ ಸರಾಗ ಓಡುತ್ತಿತ್ತು. ಒಟ್ಟು ಹತ್ತು ಅಂಕಿ. ಆರನೆಯದಕ್ಕೆ "ನಲಭೈ ಏಡು", ನಲವತ್ತೇಳು ಎಂದವನು, ಮತ್ತೆ ನೋಡಿ, "ಕೊಟ್ಟೇಯ್, ನಲಭೈ ನಾಲುಗು", ನಲವತ್ತನಾಲ್ಕು ಎಂದೆ. ಕೋಣೆಯಲ್ಲಿ ನನಗೆ ಯಾವ ಧ್ವನಿಯೂ ಕೇಳಲಿಲ್ಲ, ಯಾವ ನೆರಳೂ ಕಾಣಲಿಲ್ಲ. ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ. ಒಂದೇ ಒಂದು ಮಾತು: ಪ್ರತಿ ಅಂಕಿಯ ನಂತರ ನಾನು ಸ್ವಲ್ಪ ತಡೆಯುತ್ತಿದ್ದೆ, ಆಮೇಲೆ ಮುಂದಕ್ಕೆ ಹೋಗುತ್ತಿದ್ದೆ. ಒಮ್ಮೆ ತುಸು ಹೊತ್ತು, ಒಮ್ಮೆ ಬಹಳ ಹೊತ್ತು. ಏನನ್ನು ಕಾದು ಮುಂದಕ್ಕೆ ಹೋದೆ ಎಂದು ಕೇಳಿದರೆ ಹೇಳಲಾರೆ.

ಲೆಕ್ಕ ಹಾಕಿದೆ. ಗೆರೆಯ ಅಗಲ ರುದ್ರಣ್ಣ ಹೇಳಿದಷ್ಟೇ ಬಂತು. ಆದರೆ ಗೆರೆ ಸರಿದದ್ದು ನೀಲಿಯ ಕಡೆಗೆ. ಆ ನೀಹಾರಿಕೆ ನಮ್ಮ ಕಡೆಗೇ ಬರುತ್ತಿತ್ತು! ನಾನು ತಪ್ಪಿದೆ ಎಂದು ನನಗೆ ಹೊಳೆಯಲೇ ಇಲ್ಲ. ಅವನು ತಪ್ಪಿದ್ದಾನೆ, ಬೆಳಗಾಗುತ್ತಲೇ ಹೋಗಿ ಕಾಲೆಳೆಯಬೇಕು, ನಗುತ್ತಾನೆ ಎಂದುಕೊಂಡೆ. ಗಾಜನ್ನು ಬಿಗಿದ ಹಾಗೇ ಬಿಟ್ಟು, ಮೇಲೊಂದು ಬಟ್ಟೆ ಮುಚ್ಚಿ ಬೀಗ ಹಾಕಿದೆ.

ಸೋಮವಾರ ರಜೆ ಹಾಕಿ, ಪೆನುಕೊಂಡದಲ್ಲಿ ಬಸ್ಸು ಬದಲಿಸಿ, ಬಿಸಿಲೇರುವ ಹೊತ್ತಿಗೆ ಕಲ್ಯಾಣದುರ್ಗದಲ್ಲಿ ಇಳಿದೆ. ಅವರ ಅಂಗಡಿಯ ಬಾಗಿಲು ಹಾಕಿತ್ತು. ಎದುರಿನ ಸೋಡಾ ಅಂಗಡಿಯವನು ನನ್ನ ಗುರುತು ಹಿಡಿದು, "ರುದ್ರಣ್ಣ ಪೋಯಾಡು ಸಾರ್, ನಿನ್ನ ಮಧ್ಯಾಹ್ನಂ" ಎಂದ. ನಿನ್ನೆ ಮಧ್ಯಾಹ್ನ ಹೋದನಂತೆ. ಅಲ್ಲೇ ಅವನ ಬೆಂಚಿನ ಮೇಲೆ ಕುಳಿತುಬಿಟ್ಟೆ.

ಅವರ ಪದ್ಧತಿಯಂತೆ ರುದ್ರಣ್ಣನನ್ನು ಪಡಸಾಲೆಯಲ್ಲಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವು, ಅಂಗೈಯಲ್ಲಿ ಲಿಂಗ. ಬೆಟ್ಟದ ಮೇಲೆ ಅಂಕಿಗಾಗಿ ಕಾಯುತ್ತ ಕೂರುತ್ತಿದ್ದನಲ್ಲ, ಹಾಗೇ ತಲೆ ತುಸು ಬಗ್ಗಿತ್ತು. ಗುರುಸಿದ್ದಮ್ಮ ನನ್ನನ್ನು ನೋಡಿ ಅಳಲಿಲ್ಲ. ಕೈ ಹಿಡಿದು ಒಳಕೋಣೆಗೆ ಕರೆದುಕೊಂಡು ಹೋದರು.

"ನಾಕ್ ದಿನದಿಂದ ಲೋಟ ಹಿಡಿಯಾಕೂ ಆಗಿರ್ಲಿಲ್ಲ ಕಣಪ್ಪ" ಎಂದರು. "ನೆನ್ನೆ ಎರಡ್ ಗಂಟೆ ಬಸ್ಸು ಹೊಂಟ ಮ್ಯಾಲೆ ಎದ್ ಕುಂತ್ಕಂಡ. ಅಮ್ಮಾ, ಪುಸ್ತಕ ಕೊಡು, ಅವ್ನು ಓದ್ತಾ ಅವ್ನೆ ಅಂದ. ಯಾರೋ ಅಂದ್ರೆ, ಸುಮ್ಕಿರಮ್ಮ, ಅಂಕಿ ತಪ್ಪೋಯ್ತದೆ ಅಂದ್ಬುಟ್ಟ. ಆಮ್ಯಾಕೆ ಬರ್ಯಾದು, ಹೂಂ ಅನ್ನಾದು. ಬರ್ಯಾದು, ಹೂಂ ಅನ್ನಾದು. ಯಾರ್ಗಪ್ಪಾ ಹೂಂಗುಡ್ತಾನೆ ಅಂತ ನನ್ ಎದೆ ಧಸಕ್ಕಂತು."

ಸೆರಗಿನಲ್ಲಿ ಬಾಯಿ ಒತ್ತಿಕೊಂಡರು. "ಬರ್ದು ಮುಗಿಸ್ಬುಟ್ಟು ನನ್ ಕಡೆ ನೋಡ್ದ. ಹೋಯ್ತೀನಿ ಕಣಮ್ಮ ಅಂದ. ಹಂಗನ್ಬ್ಯಾಡ ಮಗಾ, ಬತ್ತೀನಿ ಅನ್ನು ಅಂತ ಕೈ ಹಿಡ್ಕಂಡು ಕೇಳ್ಕಂಡೆ. ಅನ್ನಲಿಲ್ಲ ಕಣಪ್ಪ. ಅನ್ನಲೇ ಇಲ್ಲ."

ಆಮೇಲೆ ದಿಂಬಿನ ಕೆಳಗಿನಿಂದ ಪುಸ್ತಕ ತೆಗೆದುಕೊಟ್ಟರು. ಆಕೆಗೆ ಓದು ಬರದು. "ಕಡೇಲಿ ಏನೋ ಒಂದ್ ಸಾಲು ಬರ್ದವ್ನೆ. ಅಂಕಿ ಅಲ್ಲ ಅದು, ಮಾತು. ಏನಂತ ನೋಡಪ್ಪ. ಬಾಯಲ್ಲಿ ಅನ್ನದಿದ್ರೂ ಬರ್ದವ್ನೇನೋ" ಎಂದರು.

ಪುಸ್ತಕ ತೆರೆದೆ. ಹತ್ತು ಅಂಕಿಗಳಿದ್ದವು. ನನ್ನ ಜೇಬಿನಲ್ಲಿದ್ದ ಚೀಟಿಯ ಹತ್ತು ಅಂಕಿಗಳೇ. ಆರನೆಯ ಸಾಲಿನಲ್ಲಿ ನಲವತ್ತೇಳರ ಮೇಲೆ ಒಂದೇ ಅಡ್ಡಗೆರೆ, ಪಕ್ಕದಲ್ಲಿ ನಲವತ್ತನಾಲ್ಕು. ಅಕ್ಷರ ನಡುಗಿರಲಿಲ್ಲ, ಬೆಟ್ಟದ ಮೇಲಿನ ಕಾಲದ ಹಾಗೆ ದುಂಡಗಿತ್ತು. ಅದರ ಕೆಳಗೆ ಕನ್ನಡದಲ್ಲಿ ಹೀಗಿತ್ತು: "ಗಾಜು ತಿರುವಿ ಹಾಕಿದ್ದೀಯ ಕಣ್ಲಾ. ಇದು ಬರ್ತಾ ಇಲ್ಲ. ಹೋಗ್ತಾ ಇದೆ."

ಗುರುಸಿದ್ದಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. "ಅಕ್ಷರ ಸರಿಯಾಗಿ ತಿಳೀತಾ ಇಲ್ಲಮ್ಮ, ಮನೆಗೆ ತಗೊಂಡು ಹೋಗಿ ನೋಡ್ತೀನಿ" ಎಂದು ಹೇಗೋ ಹೇಳಿದೆ. ಮಣ್ಣು ಮುಗಿಸಿಕೊಂಡು ಆ ರಾತ್ರಿ ಪೆನುಕೊಂಡದ ಬಸ್ ಸ್ಟ್ಯಾಂಡಿನಲ್ಲೇ ಕಳೆದೆ.

ಮಂಗಳವಾರ ಮನೆಗೆ ಹೋಗದೆ ನೇರ ಶಾಲೆಗೆ ಹೋಗಿ ಬೀಗ ತೆಗೆದೆ. ಮುಚ್ಚಿದ ಬಟ್ಟೆ ಹಾಗೇ ಇತ್ತು. ಹಿಡಿಕೆ ಸಡಿಲಿಸದೆ ಬಗ್ಗಿ, ಗಾಜಿನ ಮೇಲುಮುಖಕ್ಕೆ ತುಟಿ ಒತ್ತಿದೆ. ತಣ್ಣಗಿತ್ತು, ಅಂಟಲಿಲ್ಲ. ಬಿಚ್ಚಿ ಕೆಳಮುಖಕ್ಕೆ ಒತ್ತಿದೆ. ಅಂಟಿತು. ಅವನು ತುಟಿಯಿಟ್ಟ ಜಾಗ ಅದೇ ಇರಬೇಕು. ಅಲ್ಲಿ ನಿಂತು ಬಹಳ ಹೊತ್ತು ಅತ್ತೆ.

ಈಗ ನಿಮ್ಮ ಪಾಟೀಸವಾಲು. ಅವನು ಹಿಂದೆ ಅಳೆದ ಅಂಕಿಗಳೇ ನೆನಪಿನಿಂದ ಬಂದಿರಬಹುದಲ್ಲ? ಇಲ್ಲ. ಅವನು ಗಾಜನ್ನು ಸರಿಯಾಗಿ ಇಟ್ಟು ಅಳೆದಿದ್ದ. ಇವು ತಿರುವಿ ಹಾಕಿದ ಗಾಜಿನ ಅಂಕಿಗಳು. ಅದೂ ಅಲ್ಲದೆ, ಗಾಜನ್ನು ಕೂದಲೆಳೆಯಷ್ಟು ಆಚೀಚೆ ಇಟ್ಟರೂ ಎಲ್ಲ ಅಂಕಿಗಳೂ ಬದಲಾಗುತ್ತವೆ. ಆ ಭಾನುವಾರ ಆ ಕೋಣೆಯಲ್ಲಿ ನಾನು ಬಿಗಿಯುವ ತನಕ ಆ ಹತ್ತು ಅಂಕಿಗಳು ಲೋಕದಲ್ಲೇ ಇರಲಿಲ್ಲ. ನಾನು ಯಾರಿಗಾದರೂ ಹೇಳಿದೆನೇ? ಹೆಂಡತಿಗೂ ಹೇಳಿರಲಿಲ್ಲ. ದುಃಖದಲ್ಲಿ ನಾನೇ ತಪ್ಪು ಓದಿದೆನೇ? ಪುಸ್ತಕ ನನ್ನ ಬಳಿ ಇದೆ, ಕನ್ನಡಕ ಬದಲಾದಾಗಲೆಲ್ಲ ತೆಗೆದು ನೋಡಿದ್ದೇನೆ.

ಅದೇ ವಾರ ಗಾಜನ್ನು ಸರಿಯಾಗಿ ಹಾಕಿ ಮತ್ತೆ ಅಳೆದೆ, ಈ ಸಲ ಬಾಯಿ ಬಿಗಿಹಿಡಿದು. ಅವನ ಉತ್ತರವೇ ಬಂತು. ಪ್ರೊಫೆಸರಿಗೆ ಬರೆದೆ. ಮುಂದೆ ಅವನ ಹೆಸರಿನಲ್ಲಿ ಅರ್ಧ ಪುಟ ಅಚ್ಚಾಯಿತು. ಆರು ವಾರ ಮೊದಲೇ ಅಳೆದಿದ್ದರೆ, ಒಪ್ಪಿಗೆ ಸಿಕ್ಕಿತೆಂಬುದನ್ನಾದರೂ ಅವನು ಕೇಳಿಕೊಂಡು ಹೋಗುತ್ತಿದ್ದ.

ಹನ್ನೊಂದನೆಯ ದಿನ ಗಾಜನ್ನು ಹಿಂದಿರುಗಿಸಲು ಕಲ್ಯಾಣದುರ್ಗಕ್ಕೆ ಹೋದೆ. ಊಟಕ್ಕೆ ಬಂದವರೆಲ್ಲ ಹೋದ ಮೇಲೆ ಗುರುಸಿದ್ದಮ್ಮ ಹತ್ತಿರ ಬಂದು ಕುಳಿತರು. ಆ ಹನ್ನೊಂದು ದಿನವೂ ಆಕೆ ಇದಕ್ಕಾಗಿಯೇ ಕಾದಿದ್ದರೆಂದು ಮುಖ ನೋಡಿದರೆ ತಿಳಿಯುತ್ತಿತ್ತು.

"ತಿಳೀತೇನಪ್ಪಾ? ಏನ್ ಬರ್ದವ್ನೆ?"

"ಬತ್ತೀನಿ ಕಣಮ್ಮ ಅಂತ ಬರ್ದವ್ನೆ" ಎಂದೆ.

ಆಕೆ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ಮಣ್ಣಿನ ದಿನ ಬಾರದಿದ್ದ ಅಳು ಆಗ ಬಂತು. "ನಂಗೊತ್ತಿತ್ತು" ಎಂದರು, "ಅವ್ನು ಹಂಗೇ ಹೋಗಾನಲ್ಲ, ನಂಗೊತ್ತಿತ್ತು." ಗಾಜನ್ನು ಕಣ್ಣಿಗೊತ್ತಿಕೊಂಡು ಮತ್ತೆ ಗೂಡಿನಲ್ಲಿಟ್ಟರು. ಅಂದಿನಿಂದ ಆಕೆ ಅವನು ಬರುತ್ತಾನೆಂದು ನಂಬಿಯೇ ಬದುಕಿದರೆಂದು ಆಮೇಲೆ ರುದ್ರಣ್ಣನ ಚಿಕ್ಕಪ್ಪ ಹೇಳಿದರು. ಸಂಜೆಯಾದರೆ ಬಾಗಿಲು ತೆರೆದಿಟ್ಟು, ಎರಡು ತಟ್ಟೆ ಹಾಕುತ್ತಿದ್ದರಂತೆ.

ಹೊಸ್ತಿಲು ದಾಟುವಾಗ ನಾನೂ ಮರೆಯದೆ "ಬತ್ತೀನಿ ಕಣಮ್ಮ" ಎಂದೆ. ಮತ್ತೆ ಆ ಮನೆಗೆ ನಾನು ಹೋಗಲಿಲ್ಲ.